ಕಾರಿನಲ್ಲಿ ತಲೆಗೆ, ಸ್ಕೂಟರಿನಲ್ಲಿ ಮೊಣಕೈಗೆ

ಬೆಂಗಳೂರಲ್ಲಿ ಮುನ್ನೂರು ಹಾರ್ಸ್ ಪವರ್ ಕಾರು ಇಟ್ಟುಕೊಂಡವರ ಕಷ್ಟ ಬಸ್ಸಲ್ಲಿ ಓಡಾಡುವವರಿಗೆ ಅರ್ಥ ಆಗುವುದಿಲ್ಲ. ಬಾನೆಟ್ ಒಳಗೆ ಮುನ್ನೂರು ಕುದುರೆ ಕೆನೆಯುತ್ತಿರುತ್ತವೆ. ಮುಂದೆ ಒಂದು ನೀರಿನ ಟ್ಯಾಂಕರ್ ದಾರಿಯುದ್ದಕ್ಕೂ ನೀರು ಚೆಲ್ಲಿಕೊಂಡು ತನ್ನ ಪಾಡಿಗೆ ಹೋಗುತ್ತಿರುತ್ತದೆ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರ 2024ರ ಲೆಕ್ಕದಲ್ಲಿ ನಮ್ಮೂರಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಗಂಟೆಗೆ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. ಈ ಊರಿಗೆ ನಾಲ್ಕು ಸೆಕೆಂಡಲ್ಲಿ ನೂರು ಮುಟ್ಟುವ ಕಾರು ಯಾಕೆ ಅಂತ ಕೇಳಬೇಡಿ. ಹೊಟ್ಟೆಕಿಚ್ಚು ಅನ್ನಿಸಿಕೊಳ್ಳುತ್ತೀರಿ.

ಸರ್ಕಾರಕ್ಕಂತೂ ಈ ಕಾರುಗಳ ಮೇಲೆ ಬಹಳ ಪ್ರೀತಿ. 20 ಲಕ್ಷ ದಾಟಿದ ಕಾರಿಗೆ ಕರ್ನಾಟಕದಲ್ಲಿ 18% ತೆರಿಗೆ, ಅದರ ಮೇಲೆ ಸೆಸ್ಸು. ಅಷ್ಟು ಕಟ್ಟಿದ ಮೇಲೆ ಸಿಗುವ ಗುಂಡಿ ಮಾತ್ರ ಹಳೇ ಮಾರುತಿ 800ಕ್ಕೂ ಇದಕ್ಕೂ ಒಂದೇ. ಆ ವಿಷಯದಲ್ಲಿ ನಮ್ಮದು ಪಕ್ಕಾ ಸಮಾಜವಾದ. ಅದಕ್ಕೇ ಕೆಲವರು ಬೇರೆ ರಾಜ್ಯದ ನಂಬರ್ ಪ್ಲೇಟ್ ಹಾಕಿಕೊಂಡು ಇಲ್ಲೇ ವರ್ಷಗಟ್ಟಲೆ ಓಡಾಡುತ್ತಾರೆ. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆಯವರು ಅಂಥ 30 ಐಷಾರಾಮಿ ಕಾರು ಹಿಡಿದು ನಿಲ್ಲಿಸಿದರು. ಅದೇ ವರ್ಷ ಜುಲೈನಲ್ಲಿ ಒಂದು ಫೆರಾರಿಯಿಂದ ತೆರಿಗೆ, ದಂಡ ಎಲ್ಲಾ ಸೇರಿ 1.42 ಕೋಟಿ ರೂಪಾಯಿ ವಸೂಲಾಯಿತು. ಆ ಫೆರಾರಿ ಅವತ್ತು ಮನೆಗೆ ಹೋಗಿದ್ದೂ ಯಾವುದೋ ಟ್ಯಾಂಕರ್ ಹಿಂದೆಯೇ ಇರಬೇಕು.

ನಮ್ಮ ಅಪಾರ್ಟ್‌ಮೆಂಟಿನಲ್ಲೂ ಇಂಥ ಒಬ್ಬ ಮಹಾಶಯರಿದ್ದಾರೆ. ತೆರಿಗೆ ಸರಿಯಾಗೇ ಕಟ್ಟಿದ್ದಾರೆ, ಪಾಪ. ಅವರ ಕಾರು ನೆಲಕ್ಕೆ ಎಷ್ಟು ಹತ್ತಿರ ಅಂದರೆ, ಬೇಸ್‌ಮೆಂಟಿನಿಂದ ಮೇಲೆ ಬಂದ ಕೂಡಲೇ ಗೇಟಿನ ಹತ್ತಿರದ ಹಂಪೇ ಅವರಿಗೆ ದಿನದ ಮೊದಲ ಗಂಡಾಂತರ. ರಸ್ತೆ ಹೇಗಿರಬೇಕು ಅಂತ ನಿಯಮ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪು ಅಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ನಮ್ಮ ಗೇಟಿನ ಮೇಸ್ತ್ರಿ ಆ ಪುಸ್ತಕ ಓದಿರಲಿಲ್ಲ. ಕಾಂಪೌಂಡ್ ಕೆಲಸ ಮುಗಿದಾಗ ಎಷ್ಟು ಸಿಮೆಂಟ್ ಉಳಿದಿತ್ತೋ ಅಷ್ಟು ಎತ್ತರ ಮಾಡಿ ಹೋದ. ಬೆಳಗ್ಗೆ ವಾಚ್‌ಮನ್ ಮುಂದೆ ಬಗ್ಗಿ ನಿಂತು, ‘ಬರ್ಲಿ ಸಾರ್, ಬರ್ಲಿ, ಲೆಫ್ಟು ಒಡೀರಿ, ಇನ್ನೊಂಚೂರು ಲೆಫ್ಟು, ಸ್ಟಾಪ್ ಸ್ಟಾಪ್’ ಅನ್ನುತ್ತಾನೆ. ಕಾರು ಓರೆಯಾಗಿ ತಿರುಗಿ ಒಂದು ಚಕ್ರ ಹತ್ತಿಸುತ್ತದೆ, ಉಸಿರು ತಗೊಂಡು ಇನ್ನೊಂದು ಹತ್ತಿಸುತ್ತದೆ. ಹಿಂದೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತಾ ನಿಂತಿರುತ್ತದೆ. ಕೆಳಗಿಂದ ಕರ್ರ್ ಅಂತ ಸದ್ದು ಬಂದರೆ ಮಹಾಶಯರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಆ ಸದ್ದಿಗೆ ಎಷ್ಟು ಬಿಲ್ ಆಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಇಷ್ಟೆಲ್ಲಾ ಅನುಭವಿಸಿದ ಮನುಷ್ಯ ಟ್ರ್ಯಾಕ್ ಡೇಗೆ ಹೋಗದೆ ಇನ್ನೇನು ಮಾಡುತ್ತಾನೆ ಹೇಳಿ.

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ಅದನ್ನು ಮಹಾಶಯರು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಬಿಡಿಸಿ ಹೇಳುತ್ತಾರೆ. ಫೀಸು ಕಟ್ಟಿದರೆ ಒಂದು ದಿನ ರೇಸ್ ಟ್ರ್ಯಾಕಿನಲ್ಲಿ ನಿಮ್ಮದೇ ಕಾರನ್ನು ಓಡಿಸಬಹುದು. ಗೆಲ್ಲೋದು ಇಲ್ಲ, ಸೋಲೋದೂ ಇಲ್ಲ, ಟೈರು ಸವೆಯೋದು ಮಾತ್ರ ಉಂಟು. ಬೆಂಗಳೂರಲ್ಲಿ ಗೋ-ಕಾರ್ಟ್ ಬಿಡುವಂಥ ಚಿಕ್ಕಪುಟ್ಟ ಟ್ರ್ಯಾಕ್‌ಗಳು ಇವೆ, ಆದರೆ ಇಂಥ ಕಾರು ಕಾಲು ಚಾಚುವಷ್ಟು ಉದ್ದದ ಸರ್ಕ್ಯೂಟ್ ಇಲ್ಲ. 2025ರ ಮೇ ತಿಂಗಳಲ್ಲಿ ಮೊನಾಕೋದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದ ಕುಶ್ ಮೈನಿ ನಮ್ಮೂರ ಹುಡುಗ. ಮೊನಾಕೋ ಬೀದಿ ಇಕ್ಕಟ್ಟು, ಓವರ್‌ಟೇಕ್ ಮಾಡೋದು ಕಷ್ಟ ಅಂತ ಗೊಣಗುವವರಿದ್ದಾರೆ. ಅವೆನ್ಯೂ ರೋಡ್ ನೋಡಿದ ಊರಿನವರಿಗೆ ಅದೇನು ಮಹಾ ಬಿಡಿ. ನಮ್ಮ ಮಹಾಶಯರಂಥ ಹವ್ಯಾಸಿಗಳು ಮಾತ್ರ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ, ಇಲ್ಲ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈಗೋ ಹೋಗಬೇಕು. ಎರಡನೇದು 1990ರಲ್ಲಿ ಶುರುವಾದ ಮದ್ರಾಸಿನ ಟ್ರ್ಯಾಕ್. 3.7 ಕಿಲೋಮೀಟರ್ ಉದ್ದ, 12 ತಿರುವು. ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಮುನ್ನೂರು ಚಿಲ್ಲರೆ ಕಿಲೋಮೀಟರ್. ಅಷ್ಟು ದೂರ ಹೋಗಿ ಅದೇ ಮೂರೂಮುಕ್ಕಾಲು ಕಿಲೋಮೀಟರನ್ನು ಸುತ್ತಿ ಸುತ್ತಿ ವಾಪಸ್ ಬರುತ್ತಾರೆ.

ಆದರೆ ಅಲ್ಲಿ ಇವರನ್ನು ನೋಡಬೇಕು ನೀವು.

ಧಾರೆಗೆ ಹತ್ತು ಗಂಟೆಗೆ ಬನ್ನಿ ಅಂದರೆ ಊಟದ ಎರಡನೇ ಪಂಕ್ತಿಗೆ ಬರುವ ಮಹಾಶಯರು, ಏಳು ಗಂಟೆ ಬ್ರೀಫಿಂಗ್‌ಗೆ ಆರೂಮುಕ್ಕಾಲಿಗೇ ಹಾಜರ್. ಕಾರಿನ ಒಳಗಿರೋದೆಲ್ಲ ಖಾಲಿ ಮಾಡಿ ಅಂದರು, ಮಾಡಿದರು. ಡಿಕ್ಕಿಯಲ್ಲಿದ್ದ ಸ್ಟೆಪ್ನಿ, ಮಕ್ಕಳ ಛತ್ರಿ, ಡ್ಯಾಶ್‌ಬೋರ್ಡಿನ ಗಣಪತಿ, ಎಲ್ಲಾ ಹೊರಗೆ ಬಂತು. ಫುಲ್ ಹೆಲ್ಮೆಟ್ ಬೇಕು ಅಂದರು. ಕಾರಿನೊಳಗೆ, ಸೀಟ್ ಬೆಲ್ಟ್ ಬಿಗಿದು, ಏರ್‌ಬ್ಯಾಗ್‌ಗಳ ಮಧ್ಯೆ ಕೂತು, ಹೆಲ್ಮೆಟ್ಟಿನ ಪಟ್ಟಿ ಗಂಟಲಿಗೆ ಕಚ್ಚುವಷ್ಟು ಎಳೆದುಕೊಂಡರು. ಆಮೇಲೆ ತಪಾಸಣೆ. ಬ್ರೇಕ್ ಪ್ಯಾಡ್ ಎಷ್ಟು ದಪ್ಪ ಉಳಿದಿದೆ, ವೀಲ್ ನಟ್ ಬಿಗಿ ಇದೆಯಾ, ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದರೆ ಕಮ್ಮಿ ಅಂದರೂ 230 ಡಿಗ್ರಿ ತಡೆಯುತ್ತದೆ, ತೇವ ಹೀರಿಕೊಂಡು ಹಳೇದಾದರೆ 155ಕ್ಕೇ ಕುದಿಯಬಹುದು, ಕುದಿದರೆ ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆಯೇ ಹೊರತು ಕಾರು ನಿಲ್ಲುವುದಿಲ್ಲ. ಇದನ್ನು ಮಹಾಶಯರು ಮಂತ್ರದ ಹಾಗೆ ಒಪ್ಪಿಸುತ್ತಾರೆ. ಹೆಂಡತಿ ಓಡಿಸುವ ಸ್ಕೂಟರಿನ ಹಿಂದಿನ ಬ್ರೇಕು ಯುಗಾದಿಯಿಂದ ಹಿಡಿಯುತ್ತಿಲ್ಲ, ಅದು ಬೇರೆ ವಿಷಯ.

ಟ್ರ್ಯಾಕಿಗೆ ಇಳಿಯುವ ದಾರಿಯಾದ ಪಿಟ್ ಲೇನ್ ಬಾಯಲ್ಲಿ ಕೋಟಿ ಬೆಲೆಯ ಕಾರುಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ಎಲೆ ಹಾಕಿಸಿಕೊಂಡು ಅನ್ನಕ್ಕೆ ಕಾಯುವವರ ಹಾಗೆ ಎಲ್ಲರೂ ತೆಪ್ಪಗೆ ಕೂತಿರುತ್ತಾರೆ. ಯಾರೂ ನುಗ್ಗುವುದಿಲ್ಲ. ಯಾರೂ ಎಡಗಡೆಯಿಂದ ಮೂತಿ ತೂರಿಸುವುದಿಲ್ಲ. ಒಂದೇ ಒಂದು ಹಾರ್ನ್ ಇಲ್ಲ! ಓವರ್‌ಟೇಕ್ ಮಾಡಬೇಕಾದರೆ ನೆಟ್ಟಗಿರುವ ಕಡೆ ಮಾತ್ರ, ಅದೂ ಮುಂದಿನವರು ಕಿಟಕಿಯಿಂದ ಕೈ ಹೊರಗೆ ಹಾಕಿ ‘ಈ ಕಡೆಯಿಂದ ಹೋಗಿ’ ಅಂತ ತೋರಿಸಿದ ಮೇಲೆ. ಹಿಂದಿನವರು ಹೋಗುತ್ತಾ ಕೈಯೆತ್ತಿ ಥ್ಯಾಂಕ್ಸ್ ಹೇಳುತ್ತಾರೆ. ಬೆಂಗಳೂರಲ್ಲಿ ಕಿಟಕಿಯಿಂದ ಕೈ ಹೊರಗೆ ಬಂದರೆ ಅದರ ಅರ್ಥವೇ ಬೇರೆ, ಅಲ್ವಾ.

ಟ್ರ್ಯಾಕ್ ಕಾಯುತ್ತಾ ಬಿಸಿಲಲ್ಲಿ ನಿಂತ ಇಪ್ಪತ್ತರ ಹರೆಯದ ಮಾರ್ಷಲ್ ಹುಡುಗ ಹಳದಿ ಬಾವುಟ ಆಡಿಸಿದರೆ ಸಾಕು, ಐನೂರು ಜನರ ಮೇಲೆ ಬಾಸ್ ಆಗಿರುವ ಮಹಾಶಯರು ತಕ್ಷಣ ಆಕ್ಸಿಲರೇಟರ್‌ನಿಂದ ಕಾಲು ಎತ್ತುತ್ತಾರೆ. ನೀಲಿ ತೋರಿಸಿದರೆ ಹಿಂದಿನವರಿಗೆ ದಾರಿ. ಕೆಂಪು ಬಂದರೆ ಎಲ್ಲಾ ಬಿಟ್ಟು ಮೆಲ್ಲಗೆ ಪಿಟ್‌ಗೆ. ಕಪ್ಪು ಬಾವುಟ ನಿಮ್ಮ ಕಡೆ ಬಂತೋ, ಒಳಗೆ ಬಂದು ತಲೆ ತಗ್ಗಿಸಿ ಬೈಸಿಕೊಳ್ಳಬೇಕು, ಇನ್ನೊಮ್ಮೆ ಮಾಡಿದರೆ ಕಟ್ಟಿದ ಫೀಸು ಅಲ್ಲೇ ಬಿಟ್ಟು ಮನೆಗೆ. ಆ ಹುಡುಗನಿಗೆ ‘ನಾನ್ಯಾರು ಗೊತ್ತಾ’ ಅಂತ ಇವತ್ತಿನವರೆಗೆ ಮಹಾಶಯರು ಕೇಳಿಲ್ಲ. ನಮ್ಮ ಸರ್ಕಲ್ಲಿನ ಕಾನ್‌ಸ್ಟೇಬಲ್‌ಗೆ ತಿಂಗಳಿಗೊಮ್ಮೆ ಕೇಳುತ್ತಾರೆ.

ಅಂದರೆ ರೂಲ್ಸ್ ಪಾಲಿಸೋದು ನಮ್ಮ ರಕ್ತದಲ್ಲೇ ಇಲ್ಲ ಅನ್ನುವ ಮಾತು ಶುದ್ಧ ಸುಳ್ಳು. ಇದೆ. ಗಂಟೆಗೆ 180ರಲ್ಲಿ ಬೇಕಾದಷ್ಟಿದೆ, ಇಪ್ಪತ್ತಕ್ಕೆ ಇಳಿದ ಕೂಡಲೇ ಆವಿಯಾಗುತ್ತದೆ.

ಅದು ಎಲ್ಲಿ ಆವಿಯಾಗುತ್ತದೆ ಅನ್ನೋದೂ ಗೊತ್ತು. ಅತ್ತಿಬೆಲೆಯಲ್ಲಿ. ಟೋಲ್‌ನಲ್ಲಿ ಫಾಸ್ಟ್ಯಾಗ್ ಲೇನಿಗೆ ಅಡ್ಡ ನುಗ್ಗಿ ಮೂರು ಕಾರು ಹಿಂದಿಕ್ಕುವಾಗ ಮಹಾಶಯರು ಮತ್ತೆ ಅಪ್ಪಟ ಬೆಂಗಳೂರಿಗರು. ಟ್ರ್ಯಾಕಿನಲ್ಲಿ ಹಳದಿ ಕಂಡರೆ ಕಾಲೆತ್ತುವವರು ಸಿಗ್ನಲ್ಲಿನ ಹಳದಿ ಕಂಡರೆ ಒತ್ತುತ್ತಾರೆ. ನೀಲಿ ಬಾವುಟಕ್ಕೆ ದಾರಿ ಬಿಟ್ಟವರು ಆಂಬುಲೆನ್ಸ್‌ಗೂ ದಾರಿ ಬಿಡುತ್ತಾರೆ, ಯಾಕೆಂದರೆ ಆಮೇಲೆ ಅದರ ಬಾಲ ಹಿಡಿದು ಹೋಗಬಹುದಲ್ಲ. ಸೋಮವಾರ ಸಂಜೆ ಕೊತ್ತಂಬರಿ ಸೊಪ್ಪು ತರಲು ಸ್ಕೂಟರ್ ಹತ್ತುತ್ತಾರೆ. ಹೆಲ್ಮೆಟ್ ಮೊಣಕೈಯಲ್ಲಿ. ಪಾಪ, ಆ ಮೊಣಕೈ ತುಂಬಾ ಸೂಕ್ಷ್ಮ ಇರಬೇಕು. ಹೋಗೋದು ರಾಂಗ್ ಸೈಡಲ್ಲಿ. ಕೇಳಿದರೆ, ‘ಯೂ ಟರ್ನ್ ಅರ್ಧ ಕಿಲೋಮೀಟರ್ ಮುಂದಿದೆ ಕಣ್ರೀ, ಸುಮ್ನೆ ಪೆಟ್ರೋಲ್ ದಂಡ.’ ಒಂದೇ ಕಡೆ ಸುತ್ತಲು ಮುನ್ನೂರು ಕಿಲೋಮೀಟರ್ ಹೋಗಿ ಬಂದ ಪುಣ್ಯಾತ್ಮರು ಇವರು.

ನಿಜ ಹೇಳಬೇಕೆಂದರೆ, ನನಗೆ ಇವರ ಮೇಲೆ ಸಿಟ್ಟಿಲ್ಲ. ವೇಗದ ಚಟ ಇರುವವರು ಟ್ರ್ಯಾಕಿಗೆ ಹೋಗೋದೇ ಸರಿ. ರಾತ್ರಿ ಏರ್‌ಪೋರ್ಟ್ ರೋಡಿನಲ್ಲಿ ಸೈಲೆನ್ಸರ್ ಪಟಾಕಿ ಹೊಡೆಸಿಕೊಂಡು ಹಾರುವವರಿಗಿಂತ, ಮೈಸೂರು ಹೆದ್ದಾರಿಯಲ್ಲಿ ಬಿಡದಿ ಬರುವ ಮೊದಲೇ 150 ಮುಟ್ಟಿಸಿ ವಿಡಿಯೋ ಹಾಕುವವರಿಗಿಂತ ಇವರು ಸಾವಿರ ಪಾಲು ವಾಸಿ. ಆ ಹಾರುವವರ ಕಾಟಕ್ಕೇ 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ಕಿಲೋಮೀಟರ್ ಮೀರಿದರೆ ಎಫ್‌ಐಆರ್ ಅಂತ ಪೊಲೀಸರು ಹೇಳಬೇಕಾಯಿತು. ಟ್ರ್ಯಾಕಿನಲ್ಲಿ ಗೋಡೆಗೆ ಗುದ್ದಿದರೆ ಗುದ್ದಿದವರದ್ದೇ ನಷ್ಟ. ಪಾಲಿಸಿ ಕಾಗದವನ್ನು ಒಮ್ಮೆ ತೆಗೆದು ನೋಡಿ, ರೇಸಿಂಗ್‌ಗೂ ಸ್ಪೀಡ್ ಟೆಸ್ಟಿಂಗ್‌ಗೂ ಇನ್ಶೂರೆನ್ಸ್ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಅಲ್ಲಿ ಮಹಾಶಯರು ಅಷ್ಟು ಮರ್ಯಾದಸ್ಥರಾಗಿರೋದಕ್ಕೆ ಇದೂ ಒಂದು ಕಾರಣ. ಬಂಪರ್ ಅವರದು, ಜೇಬೂ ಅವರದೇ.

ಇನ್ನೊಂದು ಕಾರಣ, ಅಲ್ಲಿ ರಿಯಾಯಿತಿ ಇಲ್ಲ. ಕಪ್ಪು ಬಾವುಟಕ್ಕೆ 50% ಆಫರ್ ಇಲ್ಲ. ಇಲ್ಲಿ 2023ರ ಫೆಬ್ರವರಿಯಲ್ಲಿ ಟ್ರಾಫಿಕ್ ದಂಡಕ್ಕೆ ಅರ್ಧ ಬೆಲೆ ಅಂದರು, 2025ರ ಆಗಸ್ಟ್‌ನಲ್ಲಿ ಮತ್ತೆ ಅರ್ಧ ಬೆಲೆ ಅಂದರು. ಆಷಾಢದಲ್ಲಿ ಸೀರೆ ಕೊಳ್ಳುವ ಹುರುಪಿನಲ್ಲಿ ಜನ ಮುಗಿಬಿದ್ದು ಕಟ್ಟಿದರು. ದಂಡ ಬಿದ್ದ ದಿನವೇ ಕಟ್ಟಿದವನು ಊರಿಗೆಲ್ಲ ದಡ್ಡ ಆದ. ನಮ್ಮ ಮಹಾಶಯರು ಮಾತ್ರ ಎರಡೂ ಸಲ ಆಫರ್‌ಗೆ ಕಾದು, ಉಳಿದ ದುಡ್ಡಲ್ಲಿ ಬ್ರೇಕ್ ಪ್ಯಾಡ್ ಹಾಕಿಸಿದರು.

ಹಾಗಾಗಿ ನನ್ನದೊಂದು ಸಲಹೆ ಇದೆ. ಸರ್ಕಾರ ಸುರಂಗ, ಫ್ಲೈಓವರ್ ಅಂತ ತಲೆ ಕೆಡಿಸಿಕೊಳ್ಳೋದು ಬಿಟ್ಟು, ಔಟರ್ ರಿಂಗ್ ರೋಡನ್ನೇ ಟ್ರ್ಯಾಕ್ ಡೇ ಅಂತ ಘೋಷಿಸಲಿ. ದುಬಾರಿ ಫೀಸು ಇಡಲಿ, ಕಮ್ಮಿ ಇಟ್ಟರೆ ಯಾರೂ ಗೌರವ ಕೊಡುವುದಿಲ್ಲ. ಕೈಗೆ ಬಣ್ಣದ ಪಟ್ಟಿ ಕಟ್ಟಲಿ. ಹೊಸಬರಿಗೆ ಬೆಳಗ್ಗೆ ಎಂಟರ ಸೆಷನ್, ಪಳಗಿದವರಿಗೆ ಸಂಜೆ ಆರರದ್ದು. ಟಿನ್ ಫ್ಯಾಕ್ಟರಿ ಹತ್ತಿರ ಬ್ರೀಫಿಂಗ್, ಮಾರತಹಳ್ಳಿ ಸೇತುವೆ ಮೇಲೆ ಮಾರ್ಷಲ್, ಸಿಲ್ಕ್ ಬೋರ್ಡ್‌ನಲ್ಲಿ ಪಿಟ್. ಸಿಗ್ನಲ್ ದೀಪ ಕಿತ್ತುಹಾಕಿ ಬಾವುಟ ಕೊಡಲಿ, ದೀಪಕ್ಕೆ ಯಾರೂ ಹೆದರೋದಿಲ್ಲ. ಲೇನ್ ಬಿಡದೆ ಹೋಗೋದಕ್ಕೆ ರೇಸಿಂಗ್ ಲೈನ್ ಅಂತ ಹೆಸರಿಡಲಿ, ಆಗ ನೋಡಿ ಗೆರೆ ದಾಟಿದರೆ ಕೇಳಿ. ದಿನದ ಕೊನೆಗೆ ಒಂದು ಸರ್ಟಿಫಿಕೇಟ್, ಜೊತೆಗೊಂದು ಫೋಟೋ. ಗುಂಡಿಗಳನ್ನು ಹಾಗೇ ಬಿಟ್ಟರೂ ನಡೆಯುತ್ತದೆ, ಅದಕ್ಕೆ ಅಡ್ವಾನ್ಸ್ಡ್ ಕೋರ್ಸ್ ಅಂತ ಜಾಸ್ತಿ ಫೀಸು ತಗೋಬಹುದು.

ಒಂದೇ ತೊಡಕು. ಟ್ರ್ಯಾಕಿನಲ್ಲಿ ಒಂದು ಸೆಷನ್ ಸಾಮಾನ್ಯವಾಗಿ ಇಪ್ಪತ್ತು ನಿಮಿಷ. ಮದ್ರಾಸ್ ಟ್ರ್ಯಾಕಿನ ಆ 3.7 ಕಿಲೋಮೀಟರನ್ನು ನಮ್ಮೂರಿನ ಸರಾಸರಿ ವೇಗದಲ್ಲಿ ಸುತ್ತಿದರೆ ಒಂದು ಲ್ಯಾಪಿಗೆ ಹನ್ನೆರಡೂವರೆ ನಿಮಿಷ ಆಗುತ್ತದೆ. ಟೈರು ಬಿಸಿ ಮಾಡುವ ಮೊದಲ ಲ್ಯಾಪ್ ಮುಗಿಸಿ, ಎರಡನೇದರಲ್ಲಿ ಅರ್ಧ ದಾಟುವಷ್ಟರಲ್ಲಿ ಟೈಮ್ ಖತಂ. ಅಷ್ಟರೊಳಗೆ ನೀರಿನ ಟ್ಯಾಂಕರ್ ನಮ್ಮ ಮಹಾಶಯರನ್ನು ಎಡಗಡೆಯಿಂದ ಓವರ್‌ಟೇಕ್ ಮಾಡಿರುತ್ತದೆ, ಕೈಯೂ ತೋರಿಸದೆ.