ಗಾತ್ರದ ಜೊತೆ ಮೇಲ್ಮೈಯನ್ನೂ ನೋಡಬೇಕು

ಸಿಲಿಕಾನ್ ನ್ಯಾನೋಕಣ (ಕೆಲವೇ ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲಿನಷ್ಟು ಚಿಕ್ಕ ಕಣ) ಯಾವ ಬಣ್ಣದಲ್ಲಿ ಹೊಳೆಯಬೇಕು ಅನ್ನುವುದನ್ನು ಗಾತ್ರವೇ ತೀರ್ಮಾನಿಸುತ್ತದೆ ಎಂದು ಲೇಖನದಲ್ಲಿ ಬರೆದಿದ್ದೀರಿ. ಅದು ಅರ್ಧ ಮಾತ್ರ ನಿಜ. ಕೋಲಾರದಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ, ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ.

1990ರಲ್ಲಿ ಬ್ರಿಟಿಷ್ ವಿಜ್ಞಾನಿ ಲೀ ಕ್ಯಾನ್‌ಹ್ಯಾಮ್ ತೂತು ತೂತಾದ ಸಿಲಿಕಾನ್ ಕೆಂಪಗೆ ಹೊಳೆಯುವುದನ್ನು ತೋರಿಸಿ, ತೂತುಗಳ ನಡುವೆ ಉಳಿದ ತೀರಾ ತೆಳ್ಳಗಿನ ಎಳೆಗಳ ಗಾತ್ರವೇ ಕಾರಣ ಎಂದರು. ಸರಿ. ಆದರೆ 2-3 ನ್ಯಾನೋಮೀಟರ್ ಕಣದಲ್ಲಿ ಪರಮಾಣುಗಳ ದೊಡ್ಡ ಪಾಲು ಮೇಲ್ಮೈಯಲ್ಲೇ ಇರುತ್ತದೆ, ಅಲ್ವಾ? ಅಲ್ಲಿ ಒಂದು ಬಂಧ ಖಾಲಿ ಉಳಿದರೂ ಬೆಳಕು ನಂದಿಹೋಗಬಹುದು. ಆ ಖಾಲಿ ಬಂಧಗಳಿಗೆ ಹೈಡ್ರೋಜನ್ ಹೊದಿಸಿದರೆ ಹೊಳೆಯುತ್ತದೆ, ಗಾಳಿಗಿಟ್ಟರೆ ಆಕ್ಸಿಜನ್ ಬಂದು ಕೂರುತ್ತದೆ. ಆಮೇಲೆ ಕಣ ಎಷ್ಟೇ ಚಿಕ್ಕದಾದರೂ ಬಣ್ಣ ಕೆಂಪಿನ ಕಡೆಗೇ ಜಾರುತ್ತದೆ. ಅದಕ್ಕೇ ಆಕ್ಸಿಜನ್ ಸುಲಭವಾಗಿ ಬಂದು ಕೂರದಂತೆ ಆಲ್ಕೀನ್ (ಎರಡು ಕಾರ್ಬನ್‌ಗಳ ನಡುವೆ ಜೋಡಿ ಬಂಧವಿರುವ ಅಣು) ಜೋಡಿಸಿ ಗಟ್ಟಿಯಾದ ಸಿಲಿಕಾನ್-ಕಾರ್ಬನ್ ಬಂಧ ಮಾಡುತ್ತಾರೆ. ನನಗೆ ತುಂಬಾ ಇಷ್ಟವಾದ ಭಾಗ ಇದೇ. ದಯವಿಟ್ಟು ಇದನ್ನೂ ಲೇಖನಕ್ಕೆ ಸೇರಿಸಿ, ನಮ್ಮ ಮಕ್ಕಳಿಗೆ ಓದಿಸುತ್ತೇನೆ.