ನಾಲ್ಕಾಣೆ ಹರಕೆ

ಮಗನಿಗೆ ಮೂರನೇ ವರ್ಷ ನಡೀತಿದೆ, ಧರ್ಮಸ್ಥಳಕ್ಕೆ ಹೋಗಿ ಮುಡಿ ಕೊಟ್ಬಿಡೋಣ ಅಂತ ಮನೇಲಿ ಮಾತು ಬಂತು. ಸರಿ ಅಂದೆ. ಅಮ್ಮ ದೇವರ ಮನೆಗೆ ಹೋದವಳು ಅರಿಶಿನದ ಬಟ್ಟೆ ಕಟ್ಟಿದ ಒಂದು ಪುಟ್ಟ ಗಂಟು ತಂದು ನನ್ನ ಮುಂದೆ ಇಟ್ಟು, "ಮೊದ್ಲು ನಿಂದು, ಆಮೇಲೆ ಮಗೂದು" ಅಂದ್ಲು.

ಬಿಚ್ಚಿ ನೋಡಿದ್ರೆ ನಾಲ್ಕಾಣೆ. ಘೇಂಡಾಮೃಗದ ಚಿತ್ರ ಇತ್ತಲ್ಲ, ಆ ಸ್ಟೀಲ್ ಕಾಸು.

ನಂಗೆ ಹೊಟ್ಟೆ ಒಳಗೆ ಕಿವುಚಿದಂಗಾಯ್ತು, ಯಾಕಂದ್ರೆ ಆ ಘೇಂಡಾಮೃಗ ಮೂರು ದಿನ ಅಲ್ಲೇ ಇತ್ತು. 1994ರಲ್ಲಿ, ನಂಗೆ ಏಳು ವರ್ಷ. ಶನಿವಾರ ಊರ ಆಂಜನೇಯನ ಗುಡೀಲಿ ಮಂಗಳಾರತಿ ತಟ್ಟೆಗೆ ಹಾಕು ಅಂತ ಅಮ್ಮ ಕೊಟ್ಟ ನಾಲ್ಕಾಣೇನ ನಾನು ಹಾಕೋ ಥರ ಆಕ್ಷನ್ ಮಾಡಿ, ಕಣ್ಣಿಗೆ ಒತ್ಕೊಳೋ ನೆಪದಲ್ಲಿ ಬಾಯಿಗೆ ಹಾಕ್ಕೊಂಡು ದವಡೇಲಿ ಇಟ್ಕೊಂಡೆ, ಪ್ಲಾನ್ ಏನಂದ್ರೆ ಹೊರಗೆ ಬಂದು ಶೆಟ್ರ ಅಂಗಡೀಲಿ ಪೆಪ್ಪರ್‌ಮೆಂಟು. ಅಷ್ಟರಲ್ಲಿ ಅರ್ಚಕರು ತೀರ್ಥ ಕೊಟ್ರು. ತೀರ್ಥ ಬೇಡ ಅನ್ನಕ್ಕಾಗುತ್ತಾ, ಕುಡಿದೆ. ಘೇಂಡಾಮೃಗಾನೂ ಜೊತೇಲಿ ಇಳೀತು.

"ಆಟ ಆಡ್ತಾ ನುಂಗ್ಬಿಟ್ಟೆ" ಅಂತ ಮನೇಲಿ ಹೇಳ್ದೆ. ಇವತ್ತಿನವರೆಗೂ ಅದೇ ಅಫಿಷಿಯಲ್ ಹೇಳಿಕೆ. ಡಾಕ್ಟ್ರು ಗಾಬರಿ ಏನಿಲ್ಲ, ಕಾದು ನೋಡಿ ಅಂದ್ರು. ಅಪ್ಪ ಹಿತ್ತಲಲ್ಲಿ ಕಡ್ಡಿ ಹಿಡ್ಕೊಂಡು ಚಿನ್ನ ಶೋಧಿಸೋರ ಥರ ಕೂತ್ಕೋತಿದ್ರು, ಪಾಪ. ಅಮ್ಮ ಮಾತ್ರ ಡಾಕ್ಟ್ರನ್ನ ನಂಬ್ದೆ ನೇರವಾಗಿ ಮಂಜುನಾಥನಿಗೇ ಅರ್ಜಿ ಹಾಕಿ, ಕಾಸು ಸುಸೂತ್ರವಾಗಿ ಬಂದ್ರೆ ಇವನ ಮುಡಿ ಕೊಡ್ತೀನಿ, ಆ ಕಾಸೂ ನಿಂಗೇ ಅಂತ ಹರಕೆ ಹೊತ್ಲು. ಬಂತು. ಮುಡಿಪು ಕಟ್ಟಿಟ್ಲು. "ತೊಳ್ದಿದೀನಿ ಕಣೋ, ಹುಣಸೆಹಣ್ಣು ಹಾಕಿ ಉಜ್ಜಿದೀನಿ" ಅಂತ ಈಗ್ಲೂ ಹೇಳ್ತಾಳೆ, ಯಾರೂ ಕೇಳಿರಲ್ಲ.

ಆಮೇಲೆ ಒಂದು ವರ್ಷ ಸೂತಕ, ಒಂದು ವರ್ಷ ಅಪ್ಪಂಗೆ ಟ್ರಾನ್ಸ್‌ಫರ್ರು, ಆಮೇಲೆ ಎಸ್ಸೆಸ್ಸೆಲ್ಸಿ, ಕಾಲೇಜು, ಹೆಣ್ಣು ನೋಡೋ ಟೈಮಲ್ಲಿ ತಲೆ ಬೋಳಿಸ್ಕೊಂಡ್ರೆ ಯಾರು ಒಪ್ತಾರೆ ಅಂತ ಅಮ್ಮಾನೇ ಮುಂದಕ್ಕೆ ಹಾಕಿದ್ಲು. ಈ ಮಧ್ಯೆ 2011ರ ಜೂನ್ 30ಕ್ಕೆ ಸರ್ಕಾರ ನಾಲ್ಕಾಣೆ ಚಲಾವಣೇನೇ ನಿಲ್ಲಿಸ್ತು. ಹರಕೆಗೆ ಅಂಥ ಸೌಲಭ್ಯ ಇಲ್ಲ. ಕಾಸು ಬಿಡದ ತಿಮ್ಮಪ್ಪ, ಮಾತು ಬಿಡದ ಮಂಜುನಾಥ ಅಂತ ಸುಮ್ನೆ ಹೇಳ್ತಾರಾ, ನಂದು ಎರಡೂ ಬಾಕಿ.

"ಅಮ್ಮ, ಈಗ ಇರೋದೇ ನಾಲ್ಕು ಕೂದ್ಲು, ಹೆಂಗಸರ ಥರ ಮೂರು ಕತ್ತರಿ ಕೊಟ್ರೆ ಸಾಲ್ದಾ?"

"ಹೇಳ್ದಾಗ ತಲೆ ತುಂಬ ಇತ್ತು. ಲೇಟ್ ಮಾಡಿದ್ದು ನಾವು, ದೇವ್ರಲ್ಲ."

ನನ್ನವಳು ಅಡುಗೆ ಮನೇಲಿ ನಗೋದು ಕೇಳಿಸ್ತಿತ್ತು.

ಹಾಸನದಿಂದ ಹೊರಟು ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದ್ವಿ, ಚಾರ್ಮಾಡಿ ಘಾಟಿಯ ಮೂರನೇ ತಿರುವಲ್ಲಿ ಮಗ ಅದನ್ನ ವಾಪಸ್ ಮಾಡ್ದ, ಹೆಚ್ಚು ವಿವರ ಬೇಡ. ನೇತ್ರಾವತೀಲಿ ಮುಳುಗೆದ್ದು ಮುಡಿ ಕೊಡೋ ಜಾಗಕ್ಕೆ ಬಂದ್ರೆ ಅಲ್ಲಿ ಹೊಸ ತಕರಾರು. ಮಗೂನ ಸೋದರಮಾವ ತೊಡೆ ಮೇಲೆ ಕೂರಿಸ್ಕೋಬೇಕಲ್ಲ, ನನ್ನ ಭಾವಮೈದ ರೆಡಿ ಇದ್ದ. "ಇವ್ನಿಗೂ ಸೋದರಮಾವ ಬೇಕು" ಅಂದ್ಲು ಅಮ್ಮ. ನೋಡಿದ್ರೆ ಎಪ್ಪತ್ತೆರಡು ವರ್ಷದ ನನ್ನ ಮಾವ ಆಗ್ಲೇ ಬಸ್ಸಲ್ಲಿ ಬಂದು ಕಂಬಕ್ಕೆ ಒರಗಿ ಕೂತಿದ್ರು. ನಾನು ಎಂಬತ್ತಾರು ಕೆಜಿ, ಅವ್ರ ಮಂಡಿಗೆ ಆಪರೇಷನ್ ಆಗಿದೆ, ಕೊನೆಗೆ ಭುಜದ ಮೇಲೆ ಕೈ ಇಟ್ರೆ ಸಾಕು ಅಂತ ರಾಜಿ ಆಯ್ತು. ಕೈ ಇಟ್ಕೊಂಡೇ ಮಾವ ಕ್ಷೌರದವರಿಗೆ, "ಇವ್ನ ಜವಳದಲ್ಲೂ ನಾನೇ ಕೂತಿದ್ದೆ, ನನ್ನ ಹೊಸ ಪಂಚೆ ಪೂರ್ತಿ ನೆನೆಸಿದ್ದ" ಅಂತ ಸಾಲಲ್ಲಿ ಇದ್ದೋರಿಗೆಲ್ಲ ಕೇಳೋ ಹಾಗೆ ಹೇಳಿದ್ರು. ಕ್ಷೌರದವರು ಪಾಪ ಸ್ವಲ್ಪ ಹಿಂದೆ ಸರಿದ್ರು.

ಎರಡು ನಿಮಿಷದಲ್ಲಿ ನಂದು ಮುಗೀತು. ಮಗ ನನ್ನ ನೋಡಿ ಕಿಟಾರನೆ ಕಿರುಚ್ಕೊಂಡು ಅವರಮ್ಮನ್ನ ತಬ್ಕೊಂಡ. ಫೋನೂ ಗುರುತು ಹಿಡೀಲಿಲ್ಲ, ಮುಖ ತೋರ್ಸಿದ್ರೆ ಲಾಕ್ ತೆಗೀಲೇ ಇಲ್ಲ.

ಶರ್ಟ್ ಬಿಚ್ಚಿ ಒಳಗೆ ಹೋಗಿ ಹುಂಡಿಗೆ ಆ ನಾಲ್ಕಾಣೆ ಹಾಕ್ದೆ. ನೋಟಿನ ಮೇಲೆ ಬಿತ್ತೇನೋ, ಸದ್ದೂ ಆಗ್ಲಿಲ್ಲ. ಆಂಜನೇಯನ ತಟ್ಟೇಲಿ ಕದ್ದಿದ್ದು ಮಂಜುನಾಥನ ಹುಂಡೀಗೆ ಜಮಾ ಆಯ್ತು, ಅವರವರಲ್ಲೇ ಹೊಂದಾಣಿಕೆ ಮಾಡ್ಕೋತಾರೆ ಅಂದ್ಕೊಂಡೆ. ಶಿವನ ದೇವಸ್ಥಾನ, ಪೂಜೆಗೆ ಮಾಧ್ವರು, ಧರ್ಮಾಧಿಕಾರಿಗಳು ಜೈನರು, ಇಷ್ಟೆಲ್ಲ ಹೊಂದ್ಕೊಂಡು ಹೋಗೋ ಕ್ಷೇತ್ರದಲ್ಲಿ ನಾಲ್ಕಾಣೆ ಯಾವ ಲೆಕ್ಕ.

ಆದ್ರೂ ಅಮ್ಮಂಗೆ ನಿಜ ಹೇಳ್ಬಿಡೋಣ ಅನ್ನಿಸ್ತು. ಬಾಯಿ ತೆಗೆದೆ. ಅಷ್ಟರಲ್ಲಿ ಅವಳು ಮೊಮ್ಮಗನ ಕೈಗೆ ಒಂದು ರೂಪಾಯಿ ಕಾಸು ಕೊಟ್ಟು, "ಮಂಗಳಾರತಿ ತಟ್ಟೆಗೆ ಹಾಕು ಪುಟ್ಟ" ಅಂದ್ಲು.

ಎಲ್ರೂ ದೇವ್ರನ್ನ ನೋಡ್ತಿದ್ರು, ನಾನು ಅವನ ಬಾಯಿನೇ ನೋಡ್ತಾ ನಿಂತಿದ್ದೆ.