ಒಣಗಿದ್ದೆಲ್ಲ ಸತ್ತಿದ್ದಲ್ಲ

ಬೆಳಗ್ಗೆಯಿಂದ ಮನಸ್ಸಿಗೆ ಸಮಾಧಾನವೇ ಇಲ್ಲ. ದಿನಾ ನಡೆದು ಹೋಗುವ ದಾರಿಯಲ್ಲಿ ಒಂದು ತೋಟ ಇದೆ ಅಂತ ನಿಮಗೆಲ್ಲ ಎಷ್ಟು ಸಲ ಹೇಳಿದ್ದೇನೆ, ಅಲ್ವಾ? ಅದೇ ತೋಟ. ನಿನ್ನೆ ತನಕ ಎದೆಯೆತ್ತರದ ಹುಲ್ಲು, ಕಪ್ಪಾಗಿ ಒಣಗಿದ ಎಕಿನೇಶಿಯ ಹೂಗಿಡ, ತುಕ್ಕಿನ ಬಣ್ಣಕ್ಕೆ ತಿರುಗಿದ ಸೀಡಮ್ ಗಿಡ ಎಲ್ಲ ಇತ್ತು. ಇವತ್ತು ಹೋದರೆ ಮಷಿನ್ ಹಿಡಿದು ಎಲ್ಲವನ್ನೂ ನೆಲಮಟ್ಟಕ್ಕೆ ಸವರಿ ಹಾಕಿದ್ದಾರೆ. ತರಗೆಲೆಯನ್ನೂ ಬಿಟ್ಟಿಲ್ಲ, ಗುಡಿಸಿ ಚೀಲಕ್ಕೆ ತುಂಬಿಟ್ಟಿದ್ದಾರೆ. ಚಳಿಗಾಲ ಇನ್ನೂ ಶುರುವೇ ಆಗಿಲ್ಲ!

ಕೆಲಸದವರನ್ನು ಕೇಳಿದೆ. "ಎಲ್ಲ ಸತ್ತು ಹೋಗಿತ್ತಲ್ಲ, ಕ್ಲೀನ್ ಮಾಡಿದೆವು" ಅಂದರು. ಅವರ ಮೇಲೆ ಸಿಟ್ಟಿಲ್ಲ, ಹೇಳಿದ ಕೆಲಸ ಮಾಡಿದ್ದಾರೆ. ನನಗೆ ಸಿಟ್ಟು ಬಂದಿದ್ದು ಆ "ಸತ್ತು ಹೋಗಿತ್ತು" ಅನ್ನುವ ಮಾತಿಗೆ.

ಸತ್ತಿರಲಿಲ್ಲ. ಇವು ವರ್ಷ ವರ್ಷ ಮತ್ತೆ ಚಿಗುರುವ ಗಿಡಗಳು. ದಂಟು ಒಣಗಿದರೂ ಮಣ್ಣಿನಡಿ ಬೇರು ಜೀವ ಹಿಡಿದುಕೊಂಡಿರುತ್ತದೆ. ಆ ಒಣ ದಂಟಿನ ಆಸರೆಯಲ್ಲೂ ಎಷ್ಟೋ ಜೀವಗಳಿರುತ್ತವೆ. ಎಕಿನೇಶಿಯದ ಮುಳ್ಳುಮುಳ್ಳು ತಲೆಯ ಮೇಲೆ ಗೋಲ್ಡ್‌ಫಿಂಚ್ ಹಕ್ಕಿ ಕೂತು ಬೀಜ ಹೆಕ್ಕುತ್ತದೆ. ತರಗೆಲೆಯಡಿ ಪತಂಗಗಳ ಗೂಡಿರುತ್ತದೆ. ಒಂಟಿಯಾಗಿ ಬದುಕುವ ಕೆಲವು ಜಾತಿಯ ಜೇನ್ನೊಣಗಳ ಮರಿಗಳು ಟೊಳ್ಳು ದಂಟಿನೊಳಗೇ ಚಳಿಗಾಲ ಕಳೆಯುತ್ತವೆ.

ನಾನೂ ಒಮ್ಮೆ ಹೀಗೇ ಕತ್ತರಿಸಿದವಳು. ಮೊದಲ ವರ್ಷ, ಏನೂ ಗೊತ್ತಿಲ್ಲದೆ. ಕೈಯಲ್ಲಿದ್ದ ಒಂದು ದಂಟು ಸೀಳಿತು. ಒಳಗೆ ಏಳೆಂಟು ಲೇಡಿಬಗ್ ಹುಳಗಳು ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ಕತ್ತರಿ ಕೆಳಗಿಟ್ಟೆ. ಆಗಲೇ ಅರ್ಧ ತೋಟ ಕತ್ತರಿಸಿ ಆಗಿತ್ತು. ಅದು ನೆನಪಾದರೆ ಈಗಲೂ ಹೊಟ್ಟೆಯೊಳಗೆ ಒಂಥರಾ ಆಗುತ್ತದೆ.

ಹಕ್ಕಿ, ಹುಳ ಬಿಡಿ. ಆ ಚೆಂದವನ್ನಾದರೂ ನೋಡಬಾರದಾ? ಈ ಕಾಲದಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ. ಮಿಸ್ಕ್ಯಾಂಥಸ್ ಹುಲ್ಲಿನ ತೆನೆಯ ಹಿಂದಿನಿಂದ ಬಂದರೆ ಇಡೀ ತೆನೆಗೇ ದೀಪ ಹಚ್ಚಿದ ಹಾಗೆ. ಒಣಗಿದ್ದೆಲ್ಲ ಒಂದೇ ಕಂದು ಅಂದುಕೊಂಡವರು ಹತ್ತಿರ ಹೋಗಿ ನೋಡಿಲ್ಲ ಅಷ್ಟೆ. ಒಂದು ಹುಲ್ಲು ಜೇನಿನ ಬಣ್ಣ, ಇನ್ನೊಂದು ಗೋಧಿಯ ಬಣ್ಣ, ಮತ್ತೊಂದು ಬೂದಿ. ರಾತ್ರಿ ಚಳಿ ಜಾಸ್ತಿಯಾಗಿ ಇಬ್ಬನಿ ಹೆಪ್ಪುಗಟ್ಟಿದರೆ ಎರಿಂಜಿಯಮ್ ಗಿಡದ ಒಂದೊಂದು ಮುಳ್ಳಿನ ಅಂಚಿಗೂ ಬಿಳಿ ಹರಳು. ಬಿಸಿಲೇರಿ ಅದು ಕರಗುವ ತನಕ ನಾನು ಅಲ್ಲೇ ನಿಂತಿರುತ್ತೇನೆ. ಹೂ ಬಿಟ್ಟ ತೋಟ ಗಾಳಿಗೆ ಸರಸರ ಅಂತ ಸದ್ದು ಮಾಡುವುದಿಲ್ಲ. ಒಣ ತೋಟ ಮಾಡುತ್ತದೆ.

ಇದು ನನ್ನೊಬ್ಬಳ ಹುಚ್ಚಲ್ಲ. ಪೀಟ್ ಔಡಾಲ್ಫ್ ಅನ್ನುವ ಡಚ್ ತೋಟಗಾರ ಗಿಡ ಆರಿಸುವಾಗ ಹೂವಿನಷ್ಟೇ ಗಮನವನ್ನು ಅದು ಒಣಗಿದ ಮೇಲಿನ ಆಕಾರಕ್ಕೂ ಕೊಡುತ್ತಾರೆ. ನ್ಯೂಯಾರ್ಕಿನಲ್ಲಿ ಹಳೆಯ ರೈಲು ಹಳಿಯ ಮೇಲೆ ಮಾಡಿದ ಹೈ ಲೈನ್ ಅನ್ನುವ ತೋಟಕ್ಕೆ ಗಿಡ ಆರಿಸಿದವರು ಅವರೇ. 1980ರಲ್ಲಿ ರೈಲು ನಿಂತ ಮೇಲೆ ಆ ಹಳಿಗಳ ಮೇಲೆ ಹುಲ್ಲು, ಗಿಡ ತಾನೇ ಬೆಳೆದಿತ್ತು. 2009ರಲ್ಲಿ ಅದರ ಮೊದಲ ಭಾಗ ತೋಟವಾಗಿ ತೆರೆಯಿತು. ಅಲ್ಲಿ ಗಿಡಗಳನ್ನು ಚಳಿಗಾಲವಿಡೀ ನಿಲ್ಲಲು ಬಿಟ್ಟು, ವಸಂತದ ಹೊತ್ತಿಗೆ ಕತ್ತರಿಸುತ್ತಾರೆ. ಜನ ಆ ಒಣ ಹುಲ್ಲನ್ನು ನೋಡಲಿಕ್ಕೇ ಹೋಗುತ್ತಾರೆ.

"ನೋಡೋಕೆ ಪಾಳು ಬಿದ್ದ ಹಾಗಿರುತ್ತೆ" ಅನ್ನುತ್ತಾರೆ ಕೆಲವರು. ರೋಗ ಬಂದ ಗಿಡ ತೆಗೆಯಿರಿ, ಅದಕ್ಕೆ ನನ್ನ ತಕರಾರಿಲ್ಲ. ದಾರಿಗೆ ಬಾಗಿದ್ದನ್ನು ಸವರಿ, ಅಂಚನ್ನು ನೇರ ಮಾಡಿ. ಅಷ್ಟಾದರೆ ಯಾರೂ ಪಾಳು ಅನ್ನುವುದಿಲ್ಲ. ಆದರೆ ನಾಲ್ಕು ತಿಂಗಳು ಬರೀ ಬೋಳು ಮಣ್ಣು ನೋಡುವುದು ಯಾವ ಚೆಂದ? ಹೊಸ ಚಿಗುರು ಬರುವ ಮುಂಚೆ ಹೇಗೂ ಕತ್ತರಿಸಲೇಬೇಕು. ಆ ಒಂದು ಕೆಲಸವನ್ನು ಸ್ವಲ್ಪ ತಡವಾಗಿ ಮಾಡಿ ಅಂತಷ್ಟೇ ನಾನು ಕೇಳುತ್ತಿರುವುದು.

ಗೋಡೆ ಪಕ್ಕದ ಒಂದು ಸಾಲು ಇನ್ನೂ ಉಳಿದಿದೆ. ನಾಳೆ ಬರುತ್ತೇವೆ ಅಂದಿದ್ದಾರೆ. ಅವರು ಬರುವ ಮುಂಚೆ ನಾನು ಅಲ್ಲಿರುತ್ತೇನೆ.